ಓದುಗರ ಪ್ರಶ್ನೆ, ನಮ್ಮ ಉತ್ತರ: ಮಾಯಾ ಗ್ರಂಥಗಳು ಮತ್ತು ಅವುಗಳ ಯಥಾಪ್ರತಿಗಳು

ಪ್ರಶ್ನೆ: ಮಧ್ಯ ಅಮೆರಿಕದ ಮಾಯಾ ಜನರು ಬರೆದ ಚಿತ್ರಸಹಿತ ಗ್ರಂಥಗಳಲ್ಲಿ ನಾಲ್ಕು ಮಾತ್ರ ಉಳಿದಿವೆ ಎಂದು ಓದಿದ್ದೇನೆ. ಮೂಲಗಳು ದೊಡ್ಡ ಸಂಗ್ರಹಾಲಯಗಳಲ್ಲಿ ಭದ್ರವಾಗಿರುವಾಗ ಅವುಗಳ ದುಬಾರಿ ಯಥಾಪ್ರತಿಗಳನ್ನು ಮತ್ತೆ ಮತ್ತೆ ಅಚ್ಚು ಹಾಕಿಸುವುದೇಕೆ? ನಾನು ರಟ್ಟು ಕಟ್ಟುವ ಕೆಲಸದವನು. ನಕಲು ಯಾವತ್ತಿದ್ದರೂ ಮೂಲಕ್ಕಿಂತ ಒಂದು ಕೈ ಕಡಿಮೆಯೇ ಅಲ್ಲವೇ?
– ಓದುಗರು, ಗದಗ-ಬೆಟಗೇರಿ

ಉತ್ತರ: ಯಾವಾಗಲೂ ಹಾಗಲ್ಲ. ಈ ನಾಲ್ಕರಲ್ಲಿ ಅತ್ಯಂತ ಪ್ರಸಿದ್ಧವಾದ, ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿರುವ ಡ್ರೆಸ್ಡೆನ್ ಗ್ರಂಥದ ಮಟ್ಟಿಗಂತೂ ಮೂಲದಲ್ಲಿ ಇಂದು ಕಾಣದಿರುವ ಕೆಲವು ಗೆರೆಗಳು ಹಳೆಯ ನಕಲಿನಲ್ಲಿ ಉಳಿದುಕೊಂಡಿವೆ.

ಮೊದಲು ಈ ಗ್ರಂಥಗಳ ಕಟ್ಟು ಹೇಗಿದೆ ಎಂಬುದನ್ನು ಹೇಳುವುದು ಒಳ್ಳೆಯದು, ಏಕೆಂದರೆ ಅದು ನಿಮ್ಮ ಕಸುಬಿಗೆ ಹತ್ತಿರದ ವಿಷಯ. ಅತ್ತಿಯ ಜಾತಿಗೆ ಸೇರಿದ ಮರದ ತೊಗಟೆಯ ನಾರನ್ನು ಬಡಿದು ಉದ್ದನೆಯ ಹಾಳೆ ಮಾಡಿ, ಅದರ ಮೇಲೆ ಸುಣ್ಣದ ತೆಳುವಾದ ಲೇಪ ಕೊಟ್ಟು, ಹಿಂದೆ ಮುಂದೆ ಮಡಚಿಕೊಂಡು ಹೋಗುವಂತೆ ಪುಟಗಳನ್ನು ಮಾಡುತ್ತಿದ್ದರು. ನಮ್ಮ ಕಡೆಯ ವರ್ತಕರೂ ಶಾನುಭೋಗರೂ ಹಿಂದೆ ಬಳಸುತ್ತಿದ್ದ, ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಮಡಿಕೆ ಹಾಕಿದ ಕಡತವನ್ನು ನೋಡಿದವರಿಗೆ ಈ ಆಕಾರ ಹೊಸದೆನಿಸುವುದಿಲ್ಲ. ಡ್ರೆಸ್ಡೆನ್ ಗ್ರಂಥದಲ್ಲಿ 39 ಹಾಳೆಗಳಿವೆ. ಬಿಚ್ಚಿ ಹಾಸಿದರೆ ಸುಮಾರು ಮೂರೂವರೆ ಮೀಟರ್ ಉದ್ದವಾಗುತ್ತದೆ. ಇಂಥ ಗ್ರಂಥಗಳು ಒಂದು ಕಾಲಕ್ಕೆ ಬಹಳ ಇದ್ದವು. 1562ರಲ್ಲಿ ಇಂದಿನ ಮೆಕ್ಸಿಕೊದ ಯುಕಾತಾನ್ ಪ್ರದೇಶದ ಮಾನಿ ಎಂಬಲ್ಲಿ ಡಿಯೆಗೊ ದೆ ಲಾಂಡಾ ಎಂಬ ಸ್ಪೇನಿನ ಪಾದ್ರಿ ಅವುಗಳನ್ನು ಒಟ್ಟುಹಾಕಿ ಸುಡಿಸಿದ. ಮುಂದೆ ಅದೇ ಲಾಂಡಾ ಆ ಲಿಪಿಯ ಬಗ್ಗೆ ಬರೆದಿಟ್ಟ ಟಿಪ್ಪಣಿಯೇ ಲಿಪಿಯನ್ನು ಬಿಡಿಸುವವರಿಗೆ ಆಧಾರವಾಯಿತು ಎಂಬುದನ್ನು ನೆನೆದರೆ ಮನಸ್ಸು ಇಂದಿಗೂ ಕಲಕುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಡ್ರೆಸ್ಡೆನ್ನಿನ ಅರಮನೆಯ ಗ್ರಂಥಾಲಯಕ್ಕಾಗಿ ಈ ಗ್ರಂಥವನ್ನು 1739ರಲ್ಲಿ ವಿಯೆನ್ನಾದಲ್ಲಿ ಕೊಂಡು ತರಲಾಯಿತು. 1810ರಲ್ಲಿ ಜರ್ಮನಿಯ ವಿಜ್ಞಾನಿ, ಪ್ರವಾಸಿ ಹುಂಬೋಲ್ಟ್ ಅದರ ಐದು ಪುಟಗಳನ್ನು ಮಾತ್ರ ಪ್ರಕಟಿಸಿದ. ಇಡೀ ಗ್ರಂಥ 1831ರಲ್ಲಿ ಬೆಳಕು ಕಂಡದ್ದು ಲಾರ್ಡ್ ಕಿಂಗ್ಸ್‌ಬರೋನ ವೆಚ್ಚದಲ್ಲಿ. ಅದರ ಚಿತ್ರಗಳನ್ನು ಕೈಯಿಂದ ನಕಲು ಮಾಡಿದವನು ಆಗೊಸ್ತಿನೊ ಆಲಿಯೊ ಎಂಬ ಇಟಲಿಯ ಚಿತ್ರಕಾರ. ಈ ಪ್ರಕಟಣೆಗಳಿಗೆ ಸುರಿದ ಹಣದಿಂದ ಸಾಲಕ್ಕೆ ಸಿಕ್ಕ ಕಿಂಗ್ಸ್‌ಬರೋ 1837ರಲ್ಲಿ ಡಬ್ಲಿನ್ನಿನ ಸಾಲಗಾರರ ಸೆರೆಮನೆಯಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಆ ಬಳಿಕ ಡ್ರೆಸ್ಡೆನ್ನಿನ ಗ್ರಂಥಪಾಲಕ ಎರ್ನ್‌ಸ್ಟ್ ಫೋರ್ಸ್ಟೆಮಾನ್ 1880ರಲ್ಲಿ ಛಾಯಾಚಿತ್ರದ ನೆರವಿನಿಂದ ಬಣ್ಣದ ಯಥಾಪ್ರತಿಯನ್ನೂ 1892ರಲ್ಲಿ ಅದರ ಎರಡನೆಯ ಮುದ್ರಣವನ್ನೂ ಹೊರತಂದರು. 1945ರ ಫೆಬ್ರುವರಿಯಲ್ಲಿ ನಗರದ ಮೇಲೆ ಬಾಂಬುಗಳು ಬಿದ್ದಾಗ ಗ್ರಂಥವನ್ನು ಇರಿಸಿದ್ದ ನೆಲಮಾಳಿಗೆಗೆ ನೀರು ನುಗ್ಗಿ, ಬಣ್ಣ ಕದಡಿ, ಹಾಳೆಯ ಕೆಲವು ಅಂಚುಗಳು ಅದನ್ನು ಮುಚ್ಚಿದ್ದ ಗಾಜಿಗೇ ಅಂಟಿಕೊಂಡವು. ಆದಕಾರಣ ಅಳಿಸಿದ ಕಡೆ ಏನಿತ್ತು ಎಂದು ತಿಳಿಯಬೇಕಾದ ವಿದ್ವಾಂಸರು ಇಂದಿಗೂ ಮೂಲದ ಜೊತೆಗೆ ಫೋರ್ಸ್ಟೆಮಾನ್ ಪ್ರತಿಯನ್ನು ಇಟ್ಟುಕೊಂಡೇ ಓದುತ್ತಾರೆ.

ಹಾಗೆಂದು ಎಲ್ಲ ನಕಲುಗಳೂ ಸಮವಲ್ಲ, ಮತ್ತು ಇಲ್ಲಿ ಬಣ್ಣವನ್ನು ಕೇವಲ ಅಲಂಕಾರ ಎಂದು ತಿಳಿಯಬಾರದು. ಮಾಯಾ ಬರವಣಿಗೆಯಲ್ಲಿ ಒಂದು ಚುಕ್ಕೆ ಒಂದಕ್ಕೆ, ಒಂದು ಗೆರೆ ಐದಕ್ಕೆ ನಿಲ್ಲುತ್ತದೆ. ದಿನಗಣನೆಯ ಪುಟಗಳಲ್ಲಿ ಕಪ್ಪು ಅಂಕಿ ಎಷ್ಟು ದಿನ ಮುಂದೆ ಹೋಗಬೇಕೆಂದೂ ಕೆಂಪು ಅಂಕಿ ಯಾವ ಸಂಖ್ಯೆಯ ದಿನಕ್ಕೆ ಬಂದು ಮುಟ್ಟಿದೆವೆಂದೂ ಸೂಚಿಸುತ್ತವೆ. ದಿನದ ಸಂಖ್ಯೆ 1ರಿಂದ 13ರವರೆಗೆ ಸುತ್ತುತ್ತದೆ. ಕೆಂಪಿನಲ್ಲಿ ಎರಡು ಗೆರೆ, ಅಂದರೆ 10, ಇದ್ದು ಅದರ ಪಕ್ಕದಲ್ಲಿ ಕಪ್ಪಿನಲ್ಲಿ ಒಂದು ಗೆರೆ ಮೂರು ಚುಕ್ಕೆ, ಅಂದರೆ 8, ಇದ್ದರೆ, ಕೂಡಿ ಬಂದ 18ರಲ್ಲಿ 13 ಕಳೆದು ಮುಂದಿನ ಕೆಂಪು ಅಂಕಿ 5 ಆಗಿರಬೇಕು. ಕೆಂಪು ಮಾಸಿ ಕಪ್ಪಿನೊಂದಿಗೆ ಬೆರೆತಿರುವ ಪ್ರತಿಯಲ್ಲಿ ಈ ಲೆಕ್ಕದ ಜಾಡೇ ತಪ್ಪಿಹೋಗುತ್ತದೆ. ಇಂಥ ಅಂಕಿಗಳನ್ನೇ ಹಿಡಿದು ಫೋರ್ಸ್ಟೆಮಾನ್, ಲಿಪಿಯ ಒಂದು ಪದವನ್ನೂ ಓದಲಾಗದಿದ್ದ ಕಾಲದಲ್ಲಿ, ಶುಕ್ರನ ಕೋಷ್ಟಕವನ್ನು ಬಿಡಿಸಿದರು. ಅದರಲ್ಲಿ 236, 90, 250, 8 ಎಂಬ ನಾಲ್ಕು ಅಂಕಿಗಳು ಮರುಕಳಿಸುತ್ತವೆ: ಬೆಳ್ಳಿಯಾಗಿ ಬೆಳಗಿನಲ್ಲಿ ಕಾಣುವ ಅವಧಿ, ಮರೆಯಾಗುವ ಅವಧಿ, ಸಂಜೆ ಕಾಣುವ ಅವಧಿ, ಮತ್ತೆ ಮರೆಯಾಗುವ ಅವಧಿ. ಕೂಡಿದರೆ 584 ದಿನ. ಅಂಥ ಐದು ಸುತ್ತು 365 ದಿನಗಳ ಎಂಟು ವರ್ಷಕ್ಕೆ ಸರಿಯಾಗಿ ಹೊಂದುತ್ತದೆ.

ನೀವು ದುಬಾರಿ ಎಂದದ್ದು ಬಹುಶಃ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಪ್ರಕಟವಾದ ಮಡಿಕೆ ಪ್ರತಿಗಳಂಥವನ್ನು: ಮ್ಯಾಡ್ರಿಡ್ ಗ್ರಂಥ 1967ರಲ್ಲಿ, ಪ್ಯಾರಿಸ್ಸಿನದು 1968ರಲ್ಲಿ, ಡ್ರೆಸ್ಡೆನ್ನಿನದು 1975ರಲ್ಲಿ. ಆ ಶ್ರಮ ವ್ಯರ್ಥವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಕೋಷ್ಟಕ ಒಂದು ಪುಟದಲ್ಲಿ ಆರಂಭವಾಗಿ ಮಡಿಕೆಯನ್ನು ದಾಟಿ ನಾಲ್ಕಾರು ಪುಟಗಳಾಚೆ ಮುಗಿಯುತ್ತದೆ. ಅದನ್ನು ಬಿಡಿ ಪುಟಗಳಾಗಿ ಕತ್ತರಿಸಿ ನಮ್ಮ ಪುಸ್ತಕದಂತೆ ಹೊಲಿದರೆ ಓದಿನ ದಾರಿಯೇ ಕಡಿದುಹೋಗುತ್ತದೆ. ಗ್ರಾಜ್‌ನ ಡ್ರೆಸ್ಡೆನ್ ಪ್ರತಿ ತೋರಿಸುವುದು ನೀರು ನುಗ್ಗಿದ ನಂತರದ ಸ್ಥಿತಿಯನ್ನು ಎಂಬುದನ್ನು ಮಾತ್ರ ಮರೆಯಬಾರದು.

ಪ್ರಶ್ನೆ: ಧಾರವಾಡದಲ್ಲಿ ಕುಳಿತೇ ಇವುಗಳನ್ನು ನೋಡಲು ಸಾಧ್ಯವೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಸಾಧ್ಯ. ಡ್ರೆಸ್ಡೆನ್ನಿನ ರಾಜ್ಯ ಗ್ರಂಥಾಲಯವೂ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯವೂ ತಮ್ಮ ಗ್ರಂಥಗಳ ಎಲ್ಲ ಪುಟಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿವೆ. ಡ್ರೆಸ್ಡೆನ್ನಿನ 24ನೆಯ ಪುಟವನ್ನೂ 46ರಿಂದ 50ರವರೆಗಿನ ಪುಟಗಳನ್ನೂ ಮೊದಲು ನೋಡಿ, ಏಕೆಂದರೆ ಶುಕ್ರನ ಕೋಷ್ಟಕ ಇರುವುದು ಅಲ್ಲಿಯೇ. ಚುಕ್ಕೆ-ಗೆರೆಗಳನ್ನು ನೀವೇ ಎಣಿಸಿ ಮೇಲಿನ ನಾಲ್ಕು ಅಂಕಿಗಳನ್ನು ಹುಡುಕಿರಿ.

ಪ್ರಶ್ನೆ: ನಾಲ್ಕನೆಯ ಗ್ರಂಥ ಖೋಟಾ ಎಂದು ಹಳೆಯ ಪುಸ್ತಕವೊಂದರಲ್ಲಿದೆ. ಯಾವುದನ್ನು ನಂಬಬೇಕು?
– ಓದುಗರು, ಹಾವೇರಿ

ಉತ್ತರ: ಅದು 1971ರಲ್ಲಿ ನ್ಯೂಯಾರ್ಕಿನ ಗ್ರೋಲಿಯರ್ ಕ್ಲಬ್ಬಿನಲ್ಲಿ ಪ್ರದರ್ಶನಗೊಂಡ ಗ್ರಂಥ. ಅಗೆತದಲ್ಲಿ ಶಾಸ್ತ್ರೀಯವಾಗಿ ದೊರೆತದ್ದಲ್ಲ, ಒಂದೇ ಮಗ್ಗುಲಿನಲ್ಲಿ ಚಿತ್ರಗಳಿವೆ; ಹೀಗಾಗಿ ಸಂಶಯ ಹುಟ್ಟಿದ್ದು ಸಹಜ. ಹಾಳೆಯ ವಯಸ್ಸು ಹಳೆಯದೆಂದು ತಿಳಿದ ಮೇಲೂ, ಹಳೆಯ ಖಾಲಿ ಹಾಳೆಯ ಮೇಲೆ ಹೊಸ ಕೈ ಬರೆದಿರಬಹುದು ಎಂಬ ಆಕ್ಷೇಪ ನಿಂತಿತ್ತು. ಬಣ್ಣಗಳ ಪರೀಕ್ಷೆ ಆ ಆಕ್ಷೇಪಕ್ಕೆ ಉತ್ತರ ಕೊಟ್ಟಿತು. ನೀಲಿಗಿಡದ ಬಣ್ಣವನ್ನು ವಿಶೇಷ ಜೇಡಿಮಣ್ಣಿನೊಂದಿಗೆ ಬೆರೆಸಿ ಬಿಸಿ ಮಾಡಿ ಪಡೆಯುವ ಮಾಯಾ ನೀಲಿ ಅದರಲ್ಲಿ ಪತ್ತೆಯಾಯಿತು. 2018ರಲ್ಲಿ ಮೆಕ್ಸಿಕೊದ ರಾಷ್ಟ್ರೀಯ ಮಾನವಶಾಸ್ತ್ರ ಮತ್ತು ಇತಿಹಾಸ ಸಂಸ್ಥೆ ಅದು ನಿಜವಾದದ್ದೆಂದು ಘೋಷಿಸಿ, ಕಾಲವನ್ನು ಕ್ರಿ.ಶ. 1021 ಮತ್ತು 1154ರ ನಡುವೆ ಇರಿಸಿತು. ನಿಮ್ಮ ಪುಸ್ತಕ ಆ ಪರೀಕ್ಷೆಗಿಂತ ಮುಂಚಿನದಿರಬೇಕು. ಇಂದು ಈ ಗ್ರಂಥಕ್ಕೆ ಮೆಕ್ಸಿಕೊದ ಮಾಯಾ ಗ್ರಂಥವೆಂದು ಹೆಸರು. ಉಳಿದಿರುವ ನಾಲ್ಕರಲ್ಲಿ ತನ್ನ ನೆಲದಲ್ಲೇ ಇರುವುದು ಇದೊಂದೇ.