ಪ್ರತಿಕ್ರಿಯೆ: ಯು-ಬೂಟ್‌ಗೆ ಈಥರ್ನೆಟ್ ಕಾಣದಿದ್ದರೆ
ನಾಪೋಕ್ಲು ಹತ್ತಿರದ ಕಾಫಿ ತೋಟದಲ್ಲಿ ಮಳೆ ಅಳೆಯುವ ಬೋರ್ಡ್ ಇಟ್ಟಿದ್ದೀರಿ. ಲಿನಕ್ಸ್‌ಗೂ ಮೊದಲು ಓಡಿ ಅದನ್ನು ಶುರು ಮಾಡುವ ಯು-ಬೂಟ್‌ನಲ್ಲಿ ಈಥರ್ನೆಟ್ ಡ್ರೈವರ್ ಆನ್ ಮಾಡಿದರೂ ‘ನೋ ಈಥರ್ನೆಟ್ ಫೌಂಡ್’ ಅಂತ ಬರುತ್ತದೆ, ಲಿನಕ್ಸ್‌ನಲ್ಲಿ ಮಾತ್ರ ನೆಟ್ ಸಿಗುತ್ತದೆ ಅಂದಿರಿ. ಹಾಗಾದರೆ ಹಾರ್ಡ್‌ವೇರ್ ಸರಿ ಇದೆ ಅಲ್ವಾ.

ಯು-ಬೂಟ್ ಬಿಲ್ಡ್ ಮಾಡುವ ಮುಂಚೆ ಬೇಕಾದದ್ದನ್ನು ಆರಿಸುವ ಮೆನುಕಾನ್ಫಿಗ್‌ನಲ್ಲಿ ಟಿಕ್ ಹಾಕಿದರೆ ಡ್ರೈವರಿನ ಕೋಡ್ ಒಳಗೆ ಬರುತ್ತದೆ, ಅಷ್ಟೇ. ಅದು ಯಾವ ಚಿಪ್ಪಿಗೆ ಅಂತ ಹೇಳುವುದು ಡಿವೈಸ್ ಟ್ರೀ, ಅಂದರೆ ಬೋರ್ಡಿನಲ್ಲಿ ಯಾವ್ಯಾವ ಹಾರ್ಡ್‌ವೇರ್ ಇದೆ ಅಂತ ವಿವರಿಸುವ ಫೈಲ್. ಯು-ಬೂಟ್ ನೋಡುವುದು ತನ್ನದೇ ಡಿವೈಸ್ ಟ್ರೀಯನ್ನು, ಲಿನಕ್ಸ್‌ಗೆ ಕೊಡುವುದನ್ನಲ್ಲ. ಅದರಲ್ಲಿ ಈಥರ್ನೆಟ್ ನೋಡ್‌ಗೆ (ಆ ಚಿಪ್ಪಿನ ವಿವರ ಇರುವ ಭಾಗ) ಸ್ಟೇಟಸ್ ಬರೆದಿದ್ದರೆ ಅದು ‘okay’ ಅಂತಲೇ ಇರಬೇಕು. ಅಲ್ಲಿ ‘ಕಂಪ್ಯಾಟಿಬಲ್’ ಅಂತ ಕೊಟ್ಟ ಚಿಪ್ಪಿನ ಹೆಸರು ಡ್ರೈವರಿನಲ್ಲಿರುವುದಕ್ಕೆ ಒಂದಕ್ಷರವೂ ತಪ್ಪದೆ ಹೊಂದಬೇಕು.

ಯು-ಬೂಟ್ ಪ್ರಾಂಪ್ಟ್‌ನಲ್ಲಿ ‘ಡಿಎಂ ಟ್ರೀ’ (dm tree) ಕಮಾಂಡ್ ಕೊಟ್ಟು ನೋಡಿ, ಅದು ಗುರುತಿಸಿದ ಡಿವೈಸ್‌ಗಳ ಪಟ್ಟಿ ಬರುತ್ತದೆ. ಈಥರ್ನೆಟ್ ಪಟ್ಟಿಯಲ್ಲೇ ಇಲ್ಲದಿದ್ದರೆ ಮೇಲಿನ ಎರಡರಲ್ಲೇ ಏನೋ ತಪ್ಪಿರುತ್ತದೆ. ಪಟ್ಟಿಯಲ್ಲಿದ್ದು ಪ್ಲಸ್ ಗುರುತು ಇಲ್ಲದಿದ್ದರೆ ಡ್ರೈವರ್ ಇನ್ನೂ ಶುರುವಾಗಿಲ್ಲ ಅಂತ. ನನ್ನ ಎರಡು ದಿನ ಸುಮ್ನೆ ಹಾಳಾಗಿದ್ದು ಇಲ್ಲೇ: ಫೈ ಚಿಪ್ಪಿನ (PHY, ಈಥರ್ನೆಟ್ ಕೇಬಲ್ಲಿನ ಸಿಗ್ನಲ್ ನೋಡಿಕೊಳ್ಳುವ ಚಿಪ್) ರೀಸೆಟ್ ಪಿನ್ನಿಗೆ ಬೇಕಾದ ಜಿಪಿಐಒ ಡ್ರೈವರನ್ನೇ (ಪಿನ್ನುಗಳನ್ನು ಆನ್-ಆಫ್ ಮಾಡುವ ಡ್ರೈವರ್) ಆನ್ ಮಾಡಿರಲಿಲ್ಲ!

ಮತ್ತೆ, ಈ ಮಳೆಗಾಲದಲ್ಲಿ ನಮ್ಮ ಕೊಡಗಿನ ಕರೆಂಟ್ ನಂಬಬೇಡಿ, ಫ್ಲ್ಯಾಶ್‌ಗೆ ಬರೆಯುವಾಗ ಹೋದರೆ ಬೋರ್ಡ್ ಬೂಟ್ ಆಗದೇ ಉಳಿಯಬಹುದು. ಮೊದಲು ಎಸ್‌ಡಿ ಕಾರ್ಡಿನಿಂದ ಬೂಟ್ ಮಾಡಿ ನೋಡಿ, ಫ್ಲ್ಯಾಶ್‌ಗೆ ಬರೆಯುವುದು ಆಮೇಲೆ.