ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಚಿತ್ರಕಲೆ, ಸಂಗೀತ, ನಾಟಕ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಂತೆ. ಯಾವುದಕ್ಕೆ ಸ್ಕೋಪ್ ಇದೆ? ಎಸ್ಸೆಸ್ಸೆಲ್ಸಿಗೆ ಪೆಟ್ಟು ಬೀಳುತ್ತಾ?

"ಡ್ರಾಯಿಂಗ್‌ನಲ್ಲಿ ತಾಲ್ಲೂಕು ಮಟ್ಟದ ತನಕ ಬಹುಮಾನ ಬಂದಿದೆ, ಹಾಗಾಗಿ ಅದನ್ನೇ ಕೊಡಿಸೋಣ ಅಂತಿದ್ದೇವೆ" ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ ಮೇಡಂ, ನಾನು ಉತ್ತರ ಬರೆಯೋಕೆ ಕೂತಿದ್ದು ಆ ಒಂದು ಸಾಲಿಗೆ. ಸ್ಕೋಪಿನ ವಿಷಯ ಆಮೇಲೆ.

ನಾನೂ ಬಹುಮಾನದ ಹುಡುಗನೇ. ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲು, 2000ದ ದಶಕದ ಮೊದಲ ವರ್ಷಗಳು. ಟೈಮ್‌ಟೇಬಲ್ಲಿನಲ್ಲಿ ಡ್ರಾಯಿಂಗ್ ಪೀರಿಯಡ್ ಇತ್ತು. ಎಂಟನೇ ಕ್ಲಾಸಿನಲ್ಲಿ ನಡೆಯಿತು, ಒಂಬತ್ತರಲ್ಲಿ ಅಷ್ಟಿಷ್ಟು ನಡೆಯಿತು, ಹತ್ತಕ್ಕೆ ಬಂದಾಗ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು "ಸರ್, ಇವತ್ತೊಂದಿನ ಬಿಟ್ಕೊಡ್ರಿ" ಅಂದರು. ಆ ಒಂದಿನ ಮಾರ್ಚ್ ತಿಂಗಳ ತನಕ ಮುಗಿಯಲಿಲ್ಲ.

ನಮ್ಮ ಡ್ರಾಯಿಂಗ್ ಮೇಷ್ಟ್ರು ಒಳ್ಳೆಯವರೇ. ಆದರೆ ಶಾಲೆಯಲ್ಲಿ ಅವರಿಗೆ ಡ್ರಾಯಿಂಗ್ ಕಲಿಸೋದು ಬಿಟ್ಟು ಉಳಿದ ಎಲ್ಲ ಕೆಲಸ ಇತ್ತು. ಸಂಘದ ಉದ್ಘಾಟನೆಗೆ ಬ್ಯಾನರ್ ಬರೆಯಬೇಕು, ವಾರ್ಷಿಕೋತ್ಸವಕ್ಕೆ ಸ್ಟೇಜಿನ ಹಿಂದೆ ಥರ್ಮೋಕೋಲ್ ಅಕ್ಷರ ಕತ್ತರಿಸಬೇಕು, ಸರ್ಟಿಫಿಕೇಟಿನ ಮೇಲೆ ಚೆಂದದ ಅಕ್ಷರದಲ್ಲಿ ಹೆಸರು ತುಂಬಬೇಕು. ಇದರ ಮೇಲೆ ಪ್ರತಿಭಾ ಕಾರಂಜಿ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗೋ ಸ್ಪರ್ಧೆ ಅದು, ನಿಮಗೆ ಗೊತ್ತೇ ಇದೆ. ಹೆಡ್‌ಮಾಸ್ಟರಿಗೆ ಶಾಲೆಯಿಂದ ಒಬ್ಬನಾದರೂ ಮೇಲೆ ಹೋಗಬೇಕು. ಕೈ ನೆಟ್ಟಗಿದ್ದ ಹುಡುಗ ನಾನು ಸಿಕ್ಕಿದೆ.

ಮೇಷ್ಟ್ರು ನನಗೊಂದು ಚಿತ್ರ ಹಾಕಿಕೊಟ್ಟರು. ಬಾವಿಕಟ್ಟೆ, ಸೊಂಟದ ಮೇಲೆ ಕೊಡ ಹೊತ್ತ ಹೆಂಗಸು, ಹಿಂದೆ ಎರಡು ಗುಡ್ಡ, ಗುಡ್ಡದ ನಡುವೆ ಸೂರ್ಯ, ಎಡಕ್ಕೆ ಬಾಗಿದ ತೆಂಗಿನಮರ. ಅದನ್ನು ಕಣ್ಣು ಮುಚ್ಚಿಕೊಂಡು ಬರೆಯೋ ಮಟ್ಟಕ್ಕೆ ತಿದ್ದಿಸಿದರು. ವಿಷಯ "ಪರಿಸರ ಸಂರಕ್ಷಣೆ" ಬಂದರೆ ಹೆಂಗಸಿನ ಪಕ್ಕ ಒಂದು ಮಗು, ಕೈಯಲ್ಲಿ ಸಸಿ. "ಸ್ವಚ್ಛ ಗ್ರಾಮ" ಬಂದರೆ ಮಗುವಿನ ಕೈಗೆ ಕಸಬರಿಗೆ. "ಸ್ವಾತಂತ್ರ್ಯೋತ್ಸವ" ಬಂದರೆ ಬಾವಿಕಟ್ಟೆಯ ಮೇಲೆ ಬಾವುಟ. ಹಸುವಿನ ಪ್ರಬಂಧ ಒಂದನ್ನೇ ಉರು ಹೊಡೆದ ಹುಡುಗ ಯಾವ ವಿಷಯ ಕೊಟ್ಟರೂ ಕೊನೆಗೆ ಹಸುವನ್ನು ಅಲ್ಲಿಗೇ ತಂದು ಕಟ್ಟುತ್ತಾನಲ್ಲ, ಹಾಗೆ. ಗೆದ್ದೆ. ಮತ್ತೆ ಗೆದ್ದೆ. ಮನೆಯ ಶೋಕೇಸಿನಲ್ಲಿ ಸ್ಟೀಲಿನ ತಟ್ಟೆ, ಲೋಟ, ಶೀಲ್ಡು ತುಂಬಿಕೊಂಡವು. ಅಪ್ಪ ಬಂದವರಿಗೆಲ್ಲ "ನಮ್ ಹುಡುಗ ಆರ್ಟಿಸ್ಟ್" ಅನ್ನೋರು.

ಪಿಯುಸಿ ಆರ್ಟ್ಸ್ ಮುಗಿಸಿ, ಬಿವಿಎ ಅಂತ ದೃಶ್ಯಕಲೆಯ ನಾಲ್ಕು ವರ್ಷದ ಡಿಗ್ರಿಗೆ ಒಂದು ಕಾಲೇಜಿನ ಪ್ರವೇಶ ಪರೀಕ್ಷೆಗೆ ಹೋದೆ. ಮಾರ್ಕ್ಸ್ ಕಾರ್ಡಿನ ಫೈಲಿನಲ್ಲಿ ಸರ್ಟಿಫಿಕೇಟುಗಳನ್ನೂ ಪೇರಿಸಿಕೊಂಡು ಹೋಗಿದ್ದೆ. ಯಾರೂ ಕೇಳಲಿಲ್ಲ. ಹಾಲಿನ ನಡುವೆ ಸ್ಟೂಲಿನ ಮೇಲೆ ಒಂದು ಹಿತ್ತಾಳೆ ಕೊಡ, ಅದರ ಬುಡಕ್ಕೆ ಮಡಿಕೆ ಮಡಿಕೆಯಾಗಿ ಬಿಟ್ಟ ಬಟ್ಟೆ, ಎರಡು ಬದನೆಕಾಯಿ. ನೋಡಿ ಬರೆಯಿರಿ ಅಂದರು. ಕೊಡ ನೋಡಿ ನನಗೆ ಒಳಗೊಳಗೇ ನಗು. ಕೊಡ ತಾನೆ, ನನ್ನಷ್ಟು ಕೊಡ ಬರೆದವನು ಈ ಹಾಲಿನಲ್ಲಿ ಯಾರಿದ್ದಾನೆ?

ಇಲ್ಲಿ ನಾನು ಏನು ಮಾಡಿದೆ ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಬೇಸರ ಆದರೂ ಓದಿ, ನಿಮ್ಮ ಮಗಳ ವಿಷಯ ಇರೋದು ಇದರಲ್ಲೇ.

ಸ್ಟೂಲಿನ ಮೇಲಿನ ಕೊಡ ನಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿತ್ತು. ಹಾಗಿದ್ದಾಗ ಅದರ ಬಾಯಿ ಪೂರ್ತಿ ದುಂಡಗೆ ಕಾಣೋದಿಲ್ಲ, ಅದುಮಿದ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಕಣ್ಣಿನ ಮಟ್ಟದಿಂದ ಕೆಳಕ್ಕೆ ಹೋದಷ್ಟೂ ಆ ಆಕಾರ ತೆರೆದುಕೊಳ್ಳುತ್ತದೆ, ಹಾಗಾಗಿ ಬುಡದ ಗೆರೆ ಬಾಯಿಯ ಗೆರೆಗಿಂತ ಹೆಚ್ಚು ಬಾಗಿರಬೇಕು. ನಾನು ಬಾಯಿಯನ್ನು ದುಂಡಗೆ ಬರೆದೆ, ಬುಡಕ್ಕೆ ಸ್ಕೇಲು ಇಟ್ಟ ಹಾಗೆ ನೇರ ಗೆರೆ ಎಳೆದೆ. ಅಂದರೆ ನನ್ನ ಕೊಡದ ಬಾಯನ್ನು ತಾರಸಿಯಿಂದ ಬಗ್ಗಿ ನೋಡಬೇಕು, ಬುಡವನ್ನು ನೆಲಕ್ಕೆ ಕೆನ್ನೆ ಇಟ್ಟು ನೋಡಬೇಕು. ಒಬ್ಬನೇ ಮನುಷ್ಯ ಒಂದೇ ಕಡೆ ಕೂತು ಅಂಥ ಕೊಡ ನೋಡೋಕಾಗೋದಿಲ್ಲ. ಬೆಳಕು ಬಲಗಡೆ ಕಿಟಕಿಯಿಂದ ಬರುತ್ತಿತ್ತು. ನನ್ನ ಚಿತ್ರದಲ್ಲಿ ಹೊಳಪು ಎಡಕ್ಕೆ, ಯಾಕಂದರೆ ಬಾವಿಕಟ್ಟೆಯ ಹೆಂಗಸಿನ ಕೊಡಕ್ಕೆ ಹೊಳಪು ಯಾವಾಗಲೂ ಎಡಕ್ಕೇ. ಬಟ್ಟೆಯ ಮಡಿಕೆ ನೋಡದೆ ಸೀರೆಯ ನೆರಿಗೆ ಬರೆದೆ. ಟೈಮು ಉಳಿಯಿತು, ಹಾಳೆ ಖಾಲಿ ಕಂಡಿತು. ಹಿಂದೆ ಎರಡು ಗುಡ್ಡ ಹಾಕಿದೆ. ಹೌದು, ಪರೀಕ್ಷಾ ಹಾಲಿನ ಸ್ಟೂಲಿನ ಹಿಂದೆ ಗುಡ್ಡ. ಪಕ್ಕದ ಹುಡುಗಿ ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಅಳತೆ ಹಿಡಿಯುತ್ತಿದ್ದಳು. ಇವಳು ಯಾರಿಗೆ ಸನ್ನೆ ಮಾಡ್ತಿದ್ದಾಳೆ ಅಂದುಕೊಂಡೆ ನಾನು.

ಲಿಸ್ಟಿನಲ್ಲಿ ನನ್ನ ಹೆಸರಿರಲಿಲ್ಲ. ಕೈ ಕೆಟ್ಟದಾಗಿತ್ತು ಅಂತಲ್ಲ ಮೇಡಂ. ಗೆರೆ ಚೆನ್ನಾಗಿಯೇ ಇತ್ತು, ಶೇಡಿಂಗ್ ನಯವಾಗಿತ್ತು. ಎದುರಿಗೆ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ, ಅಷ್ಟೇ. ಹೈಸ್ಕೂಲಿನ ಅಷ್ಟೂ ವರ್ಷ ನನ್ನ ಕೈಗೆ ಕೆಲಸ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ. ಇದರಲ್ಲಿ ಮೇಷ್ಟ್ರ ಪಾಲೆಷ್ಟು ಅಂತ ಜನ ಕೇಳುತ್ತಾರೆ. ಅವರು ಒಮ್ಮೆ ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ ಶಾಲೆಯ ನೀರಿನ ಟ್ಯಾಂಕು ನೋಡಿ ಬರೆಯಿರಿ ಅಂದಿದ್ದರು. ನನ್ನ ಟ್ಯಾಂಕು ಸೊಟ್ಟಗೆ ಬಂತು. ಬಹುಮಾನದ ಹುಡುಗನ ಚಿತ್ರ ಸೊಟ್ಟಗಿದ್ದರೆ ಹೇಗೆ? ಹಾಳೆ ಹರಿದು, ಬಾವಿಕಟ್ಟೆ ಬರೆದು ಕೊಟ್ಟೆ. ಆ ಸೊಟ್ಟ ಟ್ಯಾಂಕನ್ನು ಸರಿ ಬರುವ ತನಕ ಬರೆದಿದ್ದರೆ ಸಾಕಿತ್ತು. ಹಾಗಾಗಿ ಹೆಚ್ಚು ಪಾಲು ನನ್ನದೇ.

ಆ ವರ್ಷ ಒಂದು ಬೋರ್ಡ್ ಬರೆಯೋ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಫ್ಲೆಕ್ಸ್ ಬಂದು ಆ ಕಸುಬು ಮುಳುಗುತ್ತಿದ್ದ ಕಾಲ, ಮಧ್ಯಾಹ್ನ ಗಿರಾಕಿ ಇರುತ್ತಿರಲಿಲ್ಲ. ಅಂಗಡಿಯ ಯಜಮಾನರು ಪೇಂಟಿನ ಡಬ್ಬಿಗಳನ್ನೇ ಜೋಡಿಸಿಟ್ಟು "ಬರಿಯಪಾ, ಮಾತಾಡಬ್ಯಾಡ" ಅನ್ನೋರು. ಅಳತೆ ಹಿಡಿಯೋದು ಅಲ್ಲಿ ಕಲಿತೆ. ಮುಂದಿನ ವರ್ಷ ಸೀಟು ಸಿಕ್ಕಿತು. ಈಗ ಬೆಂಗಳೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ನಾನೇ ಡ್ರಾಯಿಂಗ್ ಮೇಷ್ಟ್ರು.

ಈಗ ನಿಮ್ಮ ಪ್ರಶ್ನೆ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕದಲ್ಲಿ ಚಿತ್ರಕಲೆಗೂ ಜಾಗ ಇಲ್ಲ, ನಾಟಕಕ್ಕೂ ಇಲ್ಲ. ಆದ್ದರಿಂದ ಅಂಕ ಕೂಡೋದೂ ಇಲ್ಲ, ಕಳೆಯೋದೂ ಇಲ್ಲ. ವಾರಕ್ಕೆ ಒಂದೆರಡು ಪೀರಿಯಡ್ಡಿನಿಂದ ಪೆಟ್ಟು ಬೀಳುವ ರಿಸಲ್ಟಾದರೆ ಅದು ಹೇಗೂ ಬೀಳುತ್ತದೆ. ಸಿಬಿಎಸ್‌ಇಯಲ್ಲಿ ಬೇರೆ ಲೆಕ್ಕ. ಅಲ್ಲಿ ಪೇಂಟಿಂಗನ್ನು ಹೆಚ್ಚುವರಿ ವಿಷಯವಾಗಿ ತಗೊಳ್ಳಬಹುದು, 70 ಅಂಕ ಪ್ರಾಕ್ಟಿಕಲ್ಲಿಗೆ, 30 ಥಿಯರಿಗೆ. ರಾಜ್ಯದ ಪಿಯುಸಿಯಲ್ಲಿ ಹಿಂದೂಸ್ತಾನಿ, ಕರ್ನಾಟಕ ಸಂಗೀತ ಎರಡೂ ವಿಷಯವಾಗಿ ಇವೆ, ಕಲಿಸುವ ಕಾಲೇಜು ಕಡಿಮೆ.

ಸ್ಕೋಪ್? ಒಂಬತ್ತನೇ ಕ್ಲಾಸಿನ ಹುಡುಗಿಯ ಡ್ರಾಯಿಂಗ್ ಪೀರಿಯಡ್ಡಿಗೆ ಸ್ಕೋಪ್ ಹುಡುಕೋದು ನನಗಂತೂ ಅರ್ಥವಾಗೋದಿಲ್ಲ. ಬಿವಿಎ ಮಾಡೋರಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ, ದಾವಣಗೆರೆಯ ದೃಶ್ಯಕಲಾ ಕಾಲೇಜು ಇವೆ. ಯಾವ ಕಾಂಬಿನೇಷನ್ನಿನ ಪಿಯುಸಿ ಆದರೂ ಆಮೇಲೆ ಅತ್ತ ತಿರುಗಬಹುದು. ಅದನ್ನು ಇವತ್ತೇ ತೀರ್ಮಾನಿಸೋ ಅವಸರ ಏನಿದೆ?

ಮೂರರಲ್ಲಿ ಯಾವುದು ಅನ್ನೋದೇ ತಪ್ಪು ಪ್ರಶ್ನೆ ಅಂತ ನನ್ನ ಅಭಿಪ್ರಾಯ. ಆ ಶಾಲೆಯಲ್ಲಿ ಮೂರರಲ್ಲಿ ಯಾವುದನ್ನು ನಿಜವಾಗಿ ಕಲಿಸ್ತಾರೆ, ಯಾವುದರಲ್ಲಿ ಬರೀ ಐಟಂ ರೆಡಿ ಮಾಡಿಸ್ತಾರೆ ಅನ್ನೋದನ್ನ ಹೋಗಿ ನೋಡಿಕೊಂಡು ಬನ್ನಿ. ಒಂದು ಪೇರೆಂಟ್ಸ್ ಮೀಟಿಂಗ್ ಸಾಕು. ಡ್ರಾಯಿಂಗ್ ರೂಮಿನಲ್ಲಿ ಮಕ್ಕಳ ಪುಸ್ತಕ ತೆಗೆಸಿ. ಎಲ್ಲರ ಪುಸ್ತಕದಲ್ಲೂ ಒಂದೇ ನವಿಲು, ಒಂದೇ ಸೂರ್ಯಾಸ್ತ ಇದ್ದರೆ ಅಲ್ಲಿ ಕಲಿಯೋದು ಏನೂ ಇಲ್ಲ. ಸೊಟ್ಟ ಚಪ್ಪಲಿ, ಸೊಟ್ಟ ಬಕೆಟ್ಟು, ಅಳಿಸಿ ಅಳಿಸಿ ತೂತಾದ ಹಾಳೆ ಕಂಡರೆ ಮಗಳನ್ನು ಧೈರ್ಯವಾಗಿ ಸೇರಿಸಿ. ಸಂಗೀತದ ಕ್ಲಾಸಿನಲ್ಲಿ ಶ್ರುತಿ ಪೆಟ್ಟಿಗೆ ಕೇಳಿಸುತ್ತಾ? ಸರಳೆ, ಜಂಟಿ, ಅಲಂಕಾರ ಅಂತ ಸ್ವರದ ಮೊದಲ ಪಾಠಗಳನ್ನ ಹಾಡಿಸ್ತಾರಾ, ಅಥವಾ ಅತಿಥಿಗಳು ಬರುವ ಮುಂಚಿನ ವಾರ ಸ್ವಾಗತಗೀತೆ ಮಾತ್ರವಾ? ಸರಳೆ ಹಾಡಿಸೋ ಟೀಚರ್ ಇದ್ದರೆ ಜೂನಿಯರ್, ಸೀನಿಯರ್ ಪರೀಕ್ಷೆಯ ದಾರಿಯೂ ಇದೆ. ನಾಟಕ ಅಂದರೆ ಮೊದಲ ದಿನವೇ ಡೈಲಾಗ್ ಶೀಟ್ ಹಂಚುವವರನ್ನು ನಾನು ನಂಬೋದಿಲ್ಲ. ಊರೂರು ತಿರುಗಿ ನಾಟಕ ಆಡೋ ಸಾಣೇಹಳ್ಳಿಯ ಶಿವಸಂಚಾರ ತಂಡದ ನಾಟಕ ನಮ್ಮ ಕಡೆ ನೋಡಿ ಬೆಳೆದವನು ನಾನು. ಮಾತೇ ಇಲ್ಲದ ಪಾತ್ರದವನೂ ಸ್ಟೇಜಿನಲ್ಲಿ ಹೇಗೆ ನಿಂತಿರುತ್ತಿದ್ದ ಅನ್ನೋದು ಇನ್ನೂ ಕಣ್ಣಿಗಿದೆ. ಹೈಸ್ಕೂಲಿನಲ್ಲಿ ಹಾಗೆ ನಿಲ್ಲೋದು, ನಡೆಯೋದು, ಕೊನೆ ಬೆಂಚಿಗೆ ಕೇಳುವ ಹಾಗೆ ಮಾತಾಡೋದು ಕಲಿಸಿದರೆ ಬೇಕಾದಷ್ಟಾಯಿತು.

ನಿಮ್ಮ ಮಗಳಿಗೆ ಬಹುಮಾನ ಬಂದದ್ದು ಡ್ರಾಯಿಂಗ್‌ಗೆ, ಸರಿ. ಅದೇ ಕಾರಣಕ್ಕೆ ನಾನಾಗಿದ್ದರೆ ಒಂದು ಸಲ ಅನುಮಾನ ಪಡುತ್ತಿದ್ದೆ. ಇವತ್ತು ರಾತ್ರಿ ಊಟ ಆದಮೇಲೆ ಮೇಜಿನ ಮೇಲೆ ಒಂದು ಲೋಟ, ಅರ್ಧ ಸುಲಿದ ಬಾಳೆಹಣ್ಣು ಇಟ್ಟು ಬರಿ ಅನ್ನಿ. ಲೋಟ ನೋಡಿ, ಹಾಳೆ ನೋಡಿ, ಮತ್ತೆ ಲೋಟ ನೋಡಿ ಬರೆದರೆ ಡ್ರಾಯಿಂಗೇ ಕೊಡಿಸಿ. ತಲೆಯೆತ್ತದೆ ಚೆಂದದ ಲೋಟ ಬರೆದು ಮುಗಿಸಿದರೆ ಅವಳಿಗೂ ಒಂದು ಬಾವಿಕಟ್ಟೆ ಇದೆ ಅಂತ. ಆಗಲೂ ಕೊಡಿಸಿ, ಆದರೆ ಒಂದು ವರ್ಷ ಸ್ಪರ್ಧೆಗಳಿಗೆ ಕಳಿಸಬೇಡಿ. ಮೇಷ್ಟ್ರು ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಸರ್ಟಿಫಿಕೇಟು ಬೇಕೇ ಬೇಕು ಅನ್ನಿಸಿದರೆ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಿಸಿ, ಆಮೇಲೆ ಹೈಯರ್ ಗ್ರೇಡ್ ಇದೆ. ಪ್ರತಿಭಾ ಕಾರಂಜಿಯ ಶೀಲ್ಡಿಗಿಂತ ಅದಕ್ಕೆ ತಯಾರಾಗೋದರಲ್ಲಿ ಕಲಿಯೋದು ಜಾಸ್ತಿ. ಅರ್ಜಿ ಯಾವಾಗ ಅಂತ ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನೇ ಕೇಳಿ. ಯೂಟ್ಯೂಬ್ ನೋಡಿಕೊಂಡು ದುಬಾರಿ ಬಣ್ಣದ ಸೆಟ್ ತರಿಸಬೇಡಿ. ಒಂದು ಡ್ರಾಯಿಂಗ್ ಬೋರ್ಡು, ಎರಡು ಕ್ಲಿಪ್ಪು, ಎಚ್‌ಬಿ, 2ಬಿ, 6ಬಿ ಪೆನ್ಸಿಲು, ಒಂದು ಕಟ್ಟು ಅಗ್ಗದ ಹಾಳೆ. ಈ ವರ್ಷಕ್ಕೆ ಇಷ್ಟು ಸಾಕು.