ಡ್ರೋನಿಗೆ ಯಾವ ರೇಡಿಯೊ ಕೊಳ್ಳಲಿ?

ಪ್ರಶ್ನೆ: ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಐದು ಇಂಚಿನ ಪ್ರೊಪೆಲರ್ ಇರುವ ಎಫ್‌ಪಿವಿ (ಕ್ಯಾಮೆರಾ ದೃಶ್ಯ ನೋಡುತ್ತ ಹಾರಿಸುವ) ಡ್ರೋನನ್ನು ನಾನೇ ಜೋಡಿಸುತ್ತಿದ್ದೇನೆ. ಸೀನಿಯರ್ ಒಬ್ಬರು ತಮ್ಮ ಹಳೇ ಫ್ಲೈಸ್ಕೈ ಎಫ್‌ಎಸ್-ಐ6 ರೇಡಿಯೊ (ಡ್ರೋನ್ ಹಾರಿಸುವ ರಿಮೋಟ್) ಕೊಡುತ್ತೇನೆ ಅಂತಿದ್ದಾರೆ. ಗೆಳೆಯನೊಬ್ಬ 16 ಚಾನೆಲ್‌ನ, ಟಚ್ ಸ್ಕ್ರೀನ್ ಇರುವ ದೊಡ್ಡದನ್ನೇ ತಗೋ ಅಂತಾನೆ. ಹತ್ತು ಸಾವಿರ ರೂಪಾಯಿ ದಾಟುವ ಹಾಗಿಲ್ಲ. ಏನು ಮಾಡಲಿ ಸರ್?

ಉತ್ತರ: ಚಾನೆಲ್ ಎಣಿಸಿ ರೇಡಿಯೊ ಕೊಳ್ಳಬೇಡಿ. ಚಾನೆಲ್ ಅಂದರೆ ಡ್ರೋನಿಗೆ ಒಂದು ಆಜ್ಞೆ ಹೋಗುವ ದಾರಿ. ಎರಡು ಸ್ಟಿಕ್‌ಗಳಿಗೆ ನಾಲ್ಕು ಚಾನೆಲ್ ಹೋಗುತ್ತದೆ. ಆರ್ಮ್ ಮಾಡಲು (ಮೋಟಾರು ತಿರುಗಲು ಅನುಮತಿ ಕೊಡಲು) ಒಂದು, ಫ್ಲೈಟ್ ಮೋಡ್‌ಗೆ (ಹಾರುವ ಬಗೆ ಬದಲಿಸಲು) ಒಂದು, ಹುಲ್ಲಿನಲ್ಲಿ ಬಿದ್ದಾಗ ಹುಡುಕಲು ಬೀಪರ್‌ಗೆ ಒಂದು, ಮಗುಚಿ ಬಿದ್ದಾಗ ನೆಟ್ಟಗೆ ಮಾಡಿಕೊಳ್ಳಲು ಇನ್ನೊಂದು. ಎಂಟಕ್ಕೆ ಕೆಲಸ ಮುಗಿಯಿತು. ನೋಡಬೇಕಾದದ್ದು ಎರಡೇ: ಗಿಂಬಲ್ ಹೇಗಿದೆ, ರೇಡಿಯೊ ಡ್ರೋನಿನೊಂದಿಗೆ ಯಾವ ಪ್ರೊಟೋಕಾಲ್‌ನಲ್ಲಿ, ಅಂದರೆ ಯಾವ ಸಂಕೇತ ಭಾಷೆಯಲ್ಲಿ, ಮಾತಾಡುತ್ತದೆ.

ಗಿಂಬಲ್ ಅಂದರೆ ಸ್ಟಿಕ್ ಕೂತಿರುವ ಭಾಗ. ಅಗ್ಗದ ರೇಡಿಯೊಗಳಲ್ಲಿ ಅದರೊಳಗೆ ಪೊಟೆನ್ಷಿಯೋಮೀಟರ್ ಇರುತ್ತದೆ. ಅಲ್ಲಿ ಉಜ್ಜಾಟವಿರುವುದರಿಂದ ದಿನ ಕಳೆದಂತೆ ಸವೆಯುತ್ತದೆ. ಹಾಲ್ ಸೆನ್ಸರ್ ಇರುವ ಗಿಂಬಲ್ ಅಯಸ್ಕಾಂತದಿಂದ ಅಳೆಯುತ್ತದೆ, ಉಜ್ಜಾಟದ ಪ್ರಶ್ನೆಯೇ ಇಲ್ಲ. ಹಳೇ ರೇಡಿಯೊ ಕೈಗೆ ಬಂದರೆ ಹೀಗೆ ಪರೀಕ್ಷಿಸಿ. ರೇಡಿಯೊದಲ್ಲಿ ಚಾನೆಲ್‌ಗಳ ಮೌಲ್ಯವನ್ನು ಗೆರೆಯಾಗಿ ತೋರಿಸುವ ಪರದೆ ತೆರೆಯಿರಿ. ಬಲಗಡೆಯ ಸ್ಟಿಕ್ಕನ್ನು ಒಂದು ಮೂಲೆಗೆ ಒತ್ತಿ, ನಿಧಾನವಾಗಿ ನಡುವಿಗೆ ತಂದು ಬಿಡಿ. ಗೆರೆ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಅಲುಗದೆ ನಿಲ್ಲಬೇಕು. ಒಮ್ಮೆ ಆಚೆ, ಒಮ್ಮೆ ಈಚೆ ನಿಂತರೆ, ಇಲ್ಲವೇ ಕೈಬಿಟ್ಟ ಮೇಲೂ ನಡುಗುತ್ತಿದ್ದರೆ ಆ ನಡುಕವೆಲ್ಲ ಡ್ರೋನಿಗೆ ಹೋಗುತ್ತದೆ. ನಿಮ್ಮ ಕೈ ಪಳಗಿಲ್ಲವೆಂದು ನೀವು ಕೊರಗುತ್ತಿರುತ್ತೀರಿ, ತಪ್ಪು ಗಿಂಬಲ್‌ನದ್ದಾಗಿರುತ್ತದೆ.

ಪ್ರೊಟೋಕಾಲ್ ವಿಚಾರಕ್ಕೆ ಬಂದರೆ, ಇವತ್ತು ಹೊಸಬರಿಗೆ ನಾನು ಹೇಳುವುದು ಎಕ್ಸ್‌ಪ್ರೆಸ್ಎಲ್ಆರ್‌ಎಸ್, ಅಂದರೆ ಇಎಲ್ಆರ್‌ಎಸ್. ಇದು ಮುಕ್ತ ತಂತ್ರಾಂಶ. ಹಲವು ಕಂಪನಿಗಳು ಇದರ ರಿಸೀವರ್ (ಡ್ರೋನಿನೊಳಗೆ ಕೂತು ಸಿಗ್ನಲ್ ಪಡೆಯುವ ಭಾಗ) ಮಾಡುತ್ತವೆ, ಒಬ್ಬರನ್ನೇ ನಂಬಿ ಕೂರಬೇಕಿಲ್ಲ. ಎಫ್‌ಎಸ್-ಐ6 ಕೆಟ್ಟ ರೇಡಿಯೊ ಅಲ್ಲ, ಎಷ್ಟೋ ಜನ ಅದರಲ್ಲೇ ಕಲಿತಿದ್ದಾರೆ. ಆದರೆ ಅದರ ಎಎಫ್‌ಎಚ್‌ಡಿಎಸ್ 2ಎ ಫ್ಲೈಸ್ಕೈಯದ್ದೇ ಪ್ರೊಟೋಕಾಲ್. ಅದಕ್ಕಾಗಿ ಈಗ ಹೊಸ ರಿಸೀವರ್ ಕೊಂಡು ನಾಳೆ ರೇಡಿಯೊ ಬದಲಿಸಿದರೆ ಆ ದುಡ್ಡು ದಂಡ.

2.4 ಗಿಗಾಹರ್ಟ್ಸ್‌ನದ್ದನ್ನೇ ತೆಗೆದುಕೊಳ್ಳಿ. ಹೆಚ್ಚು ದೂರ ಹೋಗುತ್ತದೆಂದು 915 ಮೆಗಾಹರ್ಟ್ಸ್ ಮಾಡ್ಯೂಲ್ ಮಾರುವವರಿದ್ದಾರೆ. ಅದು ಅಮೆರಿಕದ ಬ್ಯಾಂಡ್; ನಮ್ಮಲ್ಲಿ ಅದರ ಆಸುಪಾಸು ಮೊಬೈಲ್ ಸೇವೆಗೆ ಸೇರಿದ್ದು.

ನಿಮ್ಮ ಬಜೆಟ್‌ಗೆ ನನ್ನ ಆಯ್ಕೆ ರೇಡಿಯೊಮಾಸ್ಟರ್ ಪಾಕೆಟ್. ಹಾಲ್ ಗಿಂಬಲ್ ಇದೆ, ರೇಡಿಯೊ ನಡೆಸುವ ಎಡ್ಜ್‌ಟಿಎಕ್ಸ್ ತಂತ್ರಾಂಶ ಇದೆ, ಸ್ಟಿಕ್ಕಿನ ತುದಿ ಬಿಚ್ಚಿಟ್ಟು ಬ್ಯಾಗಿಗೆ ಹಾಕಿಕೊಳ್ಳಬಹುದು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಇಎಲ್ಆರ್‌ಎಸ್ ಎಂದಿದೆಯೇ ನೋಡಿ, ಸಿಸಿ2500 ಎಂಬ ಬೇರೆ ಚಿಪ್ಪಿನ ಮಾದರಿಯೂ ಬರುತ್ತದೆ, ಅದು ಬೇಡ. ಎರಡು 18650 ಸೆಲ್ (ಚಾರ್ಜ್ ಮಾಡಬಹುದಾದ ಬ್ಯಾಟರಿ) ಬೇಕು, ಅವಕ್ಕೂ ದುಡ್ಡು ಎತ್ತಿಡಿ. ನಿಮ್ಮ ಕೈ ದೊಡ್ಡದಾಗಿದ್ದು, ಸ್ಟಿಕ್ಕನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಹಿಡಿಯುವವರಾದರೆ ಪಾಕೆಟ್ ಇಕ್ಕಟ್ಟೆನಿಸೀತು. ಆಗ ಸ್ವಲ್ಪ ಕಾದು ದುಡ್ಡು ಕೂಡಿಸಿ ಅದೇ ಕಂಪನಿಯ ಬಾಕ್ಸರ್ ಕೊಳ್ಳಿ. ಯಾರದ್ದಾದರೂ ಎರವಲು ಪಡೆದು ಹತ್ತು ನಿಮಿಷ ಹಿಡಿದು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಡ್ರೋನ್ ಮುಗಿಯುವತನಕ ಕಾಯಬೇಡಿ. ಯುಎಸ್‌ಬಿ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿದರೆ ಜಾಯ್‌ಸ್ಟಿಕ್ ಆಗುತ್ತದೆ, ಸಿಮ್ಯುಲೇಟರಿನಲ್ಲಿ ಇವತ್ತೇ ಕಲಿಯಲು ಶುರುಮಾಡಿ.

ಆ್ಯಂಟೆನಾ ಬಗ್ಗೆ ಒಂದು ಅನುಭವ ಹೇಳುತ್ತೇನೆ. ಮಳೆ ನಿಂತ ಮರುದಿನ ಅಡಿಕೆ ತೋಟದ ಅಂಚಿನಲ್ಲಿ ಹಾರಿಸುತ್ತಿದ್ದೆ. ಡ್ರೋನ್ ಮರಗಳ ಹಿಂದೆ ಹೋದದ್ದೇ ಸಂಪರ್ಕ ಕಡಿದು, ಮೋಟಾರು ನಿಂತು, ಕೆಸರಿಗೆ ಬಿತ್ತು. ಹಸಿ ಎಲೆ 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಸಾಲದ್ದಕ್ಕೆ ನಾನು ಆ್ಯಂಟೆನಾದ ತುದಿಯನ್ನೇ ಡ್ರೋನಿನತ್ತ ಚಾಚಿದ್ದೆ. ತುದಿಯ ದಿಕ್ಕಿನಲ್ಲಿ ಸಿಗ್ನಲ್ ಅತ್ಯಂತ ಕ್ಷೀಣ. ಡ್ರೋನಿಗೆ ಕಾಣಬೇಕಾದದ್ದು ಆ್ಯಂಟೆನಾದ ಪಕ್ಕ. ಅಂದಿನಿಂದ ಲಿಂಕ್ ಗುಣಮಟ್ಟ (ಸರಿಯಾಗಿ ತಲುಪುತ್ತಿರುವ ಸಿಗ್ನಲ್‌ನ ಶೇಕಡಾವಾರು) 70ಕ್ಕಿಂತ ಇಳಿದರೆ ರೇಡಿಯೊ ಕೂಗಿ ಹೇಳುವಂತೆ ಇಟ್ಟುಕೊಂಡಿದ್ದೇನೆ. ಎಡ್ಜ್‌ಟಿಎಕ್ಸ್‌ನಲ್ಲಿ ನೀವೂ ಹಾಗೆ ಮಾಡಿ.

ರೇಡಿಯೊ ರಿಸೀವರಿನೊಂದಿಗೆ ಬೈಂಡ್ ಆಗಲಿಲ್ಲ, ಅಂದರೆ ಜೋಡಿಯಾಗಲಿಲ್ಲವೆಂದರೆ ಗಾಬರಿ ಬೇಡ. ರೇಡಿಯೊದಲ್ಲಿ ಇಎಲ್ಆರ್‌ಎಸ್ ಆವೃತ್ತಿ 3 ಇದ್ದು ರಿಸೀವರಿನಲ್ಲಿ 2 ಇದ್ದರೆ ಅವು ಒಂದನ್ನೊಂದು ಗುರುತಿಸುವುದಿಲ್ಲ, ಎರಡನ್ನೂ ಅಪ್‌ಡೇಟ್ ಮಾಡಿ. ಆರ್ಮ್ ಸ್ವಿಚ್ಚನ್ನು ಐದನೇ ಚಾನೆಲ್‌ಗೇ ಕೊಡಿ, ಇಎಲ್ಆರ್‌ಎಸ್ ಅದನ್ನು ಅಲ್ಲೇ ನಿರೀಕ್ಷಿಸುತ್ತದೆ. ಇಷ್ಟಾದ ಮೇಲೆ ಪ್ರೊಪೆಲರ್ ನಾಲ್ಕನ್ನೂ ಬಿಚ್ಚಿ, ಆರ್ಮ್ ಮಾಡಿ, ಮೋಟಾರು ತಿರುಗುತ್ತಿರುವಾಗಲೇ ರೇಡಿಯೊ ಆಫ್ ಮಾಡಿ. ಒಂದೆರಡು ಸೆಕೆಂಡಿನಲ್ಲಿ ನಾಲ್ಕೂ ಮೋಟಾರು ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ (ಸಂಪರ್ಕ ಕಡಿದಾಗ ಮೋಟಾರು ನಿಲ್ಲಿಸುವ ವ್ಯವಸ್ಥೆ) ಸರಿಪಡಿಸುವವರೆಗೆ ಪ್ರೊಪೆಲರ್ ಹಾಕಬೇಡಿ.